ಪರೀಕ್ಷಾರ್ಥ ನೌಕರರ ವಜಾ ಮತ್ತು ನೌಕರ ಸಂಘಗಳು

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸರ್ಕಾರಿ ನೇಮಕಕ್ಕೆ ಯೋಗ್ಯತೆಯನ್ನು ಆಧಾರವಾಗಿಸಿದ 1883ರ ಪೆಂಡಲ್ಟನ್ ಶಾಸನವು, ಹೊಸಬರಿಗೆ ಪ್ರೊಬೇಷನ್ ಎಂಬ ಪರೀಕ್ಷಾರ್ಥ ಅವಧಿಯನ್ನೂ ವಿಧಿಸಿತು. ಈ ಅವಧಿಯಲ್ಲಿರುವ ನೌಕರನಿಗೆ ವಜಾದ ವಿರುದ್ಧ ಮೇಲ್ಮನವಿಯ ಹಕ್ಕು ಅತ್ಯಲ್ಪ. ಆದರೆ ಪರೀಕ್ಷೆಯೆಂದರೆ ವ್ಯಕ್ತಿಯ ಕೆಲಸವನ್ನು ತೂಗಿ ನೋಡುವುದೇ ಹೊರತು ಮನಬಂದಂತೆ ತೆಗೆದುಹಾಕುವ ಪರವಾನಗಿಯಲ್ಲ.

2025ರ ಫೆಬ್ರವರಿಯಲ್ಲಿ ಇಂತಹ ಸಹಸ್ರಾರು ನೌಕರರಿಗೆ, ಕಾರ್ಯದಕ್ಷತೆ ಸಾಲದೆಂಬ, ಬಹುಮಟ್ಟಿಗೆ ಒಂದೇ ಒಕ್ಕಣೆಯ ಪತ್ರಗಳು ಬಂದವು. ಒಬ್ಬೊಬ್ಬನೂ ತನ್ನ ಪತ್ರವನ್ನಷ್ಟೇ ಬಲ್ಲವನು. ಎಲ್ಲವನ್ನೂ ಕೂಡಿಸಿ ಪ್ರಶ್ನಿಸಿದುದು ಸಂಘಗಳು. ‘ಅಮೆರಿಕನ್ ಫೆಡರೇಷನ್ ಆಫ್ ಗವರ್ನಮೆಂಟ್ ಎಂಪ್ಲಾಯೀಸ್’ ಮೊದಲಾದ ಸಂಘಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಾವೆ ಹೂಡಿದವು. ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಮಾರ್ಚ್ 13ರಂದು ಆರು ಇಲಾಖೆಗಳಲ್ಲಿ ಪುನರ್ನೇಮಕಕ್ಕೆ ಆಜ್ಞೆಯಿತ್ತರು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು. ಅನ್ಯ ಇಲಾಖೆಗಳ ನೌಕರರನ್ನು ತೆಗೆಸುವ ಅಧಿಕಾರ ಸಿಬ್ಬಂದಿ ನಿರ್ವಹಣಾ ಕಚೇರಿಗಿಲ್ಲವೆಂದು ಸೆಪ್ಟೆಂಬರಿನಲ್ಲಿ ಆಲ್ಸಪ್ ತೀರ್ಪಿತ್ತರು. ಅವರು ಉದ್ಯೋಗವನ್ನು ಮರಳಿ ಕೊಡಿಸಲಿಲ್ಲ; ವಜಾಕ್ಕೆ ಕಾರ್ಯದಕ್ಷತೆ ಕಾರಣವಲ್ಲವೆಂದು ದಾಖಲೆಗಳನ್ನು ತಿದ್ದಬೇಕೆಂದು ವಿಧಿಸಿದರು.

ಕಳೆದ ಜೀವನೋಪಾಯ ಮರಳದಿದ್ದರೂ, ಮುಂದಿನ ನೇಮಕಕ್ಕೆ ಅಡ್ಡಬರುವ ಕಳಂಕವನ್ನು ತೊಡೆಯಲು ಮಾರ್ಗವಾಯಿತು. ಒಬ್ಬಂಟಿಗನಿಗೆ ದುಸ್ಸಾಧ್ಯವಾದ ಇಷ್ಟು ನ್ಯಾಯವಾದರೂ ದೊರೆತುದು ಸಂಘಬಲದಿಂದ.