ಬೆತ್ತವಿಲ್ಲದ ಶಾಲೆಯಲ್ಲಿ ಶಿಸ್ತು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದರೆ, 16ನೆಯ ಕಲಮು ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದೆಂದು ವಿಧಿಸುತ್ತದೆ. ಬೆತ್ತವೂ ಟಿ.ಸಿ.ಯೂ ಇಲ್ಲದ ಮೇಲೆ ಶಿಕ್ಷಕರು ಶಿಸ್ತನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆ ಇಂದಿಗೂ ಅನೇಕ ಶಾಲೆಗಳನ್ನು ಕಾಡುತ್ತಿದೆ. ಪುಣೆಯ ಮಾರ್ಕೆಟ್ ಯಾರ್ಡ್‌ನಂತಹ ಸಗಟು ಮಾರುಕಟ್ಟೆಯ ನೆರೆಯಲ್ಲಿ ಈ ಪ್ರಶ್ನೆ ಇನ್ನೂ ಗಹನವಾದುದು. ಹಮಾಲಿ ಕೆಲಸ ಅರಸಿ ಬಂದವರ ಮಕ್ಕಳ ಮನೆಮಾತು ಶಾಲೆಯ ಮಾತಿಗಿಂತ ಬೇರೆಯಾಗಿದ್ದಾಗ ಒಂದು ಅಣಕವು ಹೊಡೆದಾಟಕ್ಕೆ ತಿರುಗುವುದು ಎಷ್ಟು ಸುಲಭವೋ, ನಾಲ್ಕು ದಿನ ಹೊರಗುಳಿದ ಹುಡುಗ ದುಡಿಮೆಗೆ ಇಳಿದುಬಿಡುವುದೂ ಅಷ್ಟೇ ಸುಲಭ.

ಸಂಬಂಧಗಳ ಪುನಃಸ್ಥಾಪನೆಯ ವಿಧಾನ ಈ ಪ್ರಶ್ನೆಗೆ ಒಂದು ಉತ್ತರ. ಯಾವ ನಿಯಮ ಮುರಿಯಿತು, ಯಾವ ಶಿಕ್ಷೆ ತಕ್ಕುದು ಎಂದು ಕೇಳುವ ಬದಲು ಅದು ಏನಾಯಿತು, ಯಾರಿಗೆ ನೋವಾಯಿತು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು ಕೇಳುತ್ತದೆ. 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಶಾಲೆಯೊಂದರಲ್ಲಿ ನೋಯಿಸಿದವರನ್ನೂ ನೊಂದವರನ್ನೂ ಎರಡೂ ಕಡೆಯ ಮನೆಯವರನ್ನೂ ಒಟ್ಟಿಗೆ ಕೂರಿಸಿದ ಮೇಲೆ ಈ ಪದ್ಧತಿ ಶಾಲೆಗಳಲ್ಲಿ ಹರಡತೊಡಗಿತು. ನಮ್ಮಲ್ಲಿ ಬೆಂಗಳೂರಿನ ಎನ್‌ಫೋಲ್ಡ್ ಟ್ರಸ್ಟ್ ಇದರ ತರಬೇತಿ ನೀಡುತ್ತಿದೆ. ಜಗಳವಾದಾಗ ಮಾತ್ರ ನೆನಪಾಗುವ ವಿಧಾನ ಇದಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಮಕ್ಕಳೂ ಶಿಕ್ಷಕರೂ ವೃತ್ತಾಕಾರವಾಗಿ ಕುಳಿತು, ಕೈಯಿಂದ ಕೈಗೆ ಸಾಗುವ ಒಂದು ವಸ್ತುವನ್ನು ಹಿಡಿದವರು ಮಾತ್ರ ಮಾತನಾಡಿ, ಉಳಿದವರು ಕಿವಿಗೊಡುವ ರೂಢಿ ಜಗಳವಿಲ್ಲದ ದಿನಗಳಲ್ಲೇ ಬೆಳೆದಿದ್ದರೆ ಮಾತ್ರ, ಜಗಳದ ದಿನ ನೊಂದ ಮಗು ಬಾಯಿಬಿಡುವ ಧೈರ್ಯ ಮಾಡುತ್ತದೆ. ಬಲವಂತದ ಕ್ಷಮಾಪಣೆ ಮತ್ತೊಂದು ಶಿಕ್ಷೆಯೇ ಹೊರತು ಬೇರೇನೂ ಅಲ್ಲ.

ಇದರ ಮಿತಿಗಳನ್ನು ಮುಚ್ಚಿಡಬಾರದು. ಈ ವಿಧಾನವನ್ನು ಅಳವಡಿಸಿಕೊಂಡ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಶಾಲೆಗಳ ಬಗ್ಗೆ ರ‍್ಯಾಂಡ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮಾನತಿನಿಂದ ನಷ್ಟವಾಗುವ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು. ಆದರೆ ಆರರಿಂದ ಎಂಟನೆಯ ತರಗತಿಯವರ ಕಲಿಕೆಯ ಫಲಿತಾಂಶ ಕುಸಿಯಿತು. ಲೈಂಗಿಕ ದೌರ್ಜನ್ಯದಂತಹ ಪ್ರಕರಣಗಳನ್ನಂತೂ ಶಾಲೆ ತನ್ನೊಳಗೇ ರಾಜಿ ಮಾಡಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಅವನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಹಾಗಿದ್ದರೂ ಮಗುವನ್ನು ಹೊರದಬ್ಬುವುದಕ್ಕಿಂತ ಈ ವಿಧಾನ ಎಷ್ಟೋ ಮೇಲು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ವ್ಯವಸ್ಥಾಪನಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕೆಂದು ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ಡನ್ನು ಹೀಗೆ ವೃತ್ತಾಕಾರವಾಗಿ ಕುಳಿತು ಮಾತನಾಡುವುದಕ್ಕೆ ಮೀಸಲಿಡಬೇಕೆಂದು ಆ ಪೋಷಕರು ಮುಂದಿನ ಸಭೆಯಲ್ಲೇ ಕೇಳಲಿ.