ಪರರ ಸಿರಿಯೂ ನಮ್ಮ ಕಾಯಕವೂ

ಅನ್ಯಾಯಗಾರನ ಕಣಜ ತುಂಬಿ ನ್ಯಾಯವಂತನ ಮಡಕೆ ಬರಿದಾದಾಗ, ದೇವರು ಎಲ್ಲಿರುವನೆಂಬ ಸಂಶಯ ಹುಟ್ಟುವುದು ಸಹಜ. ಮಳೆ ಕಡಮೆಯಾದ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ, ಬರಗಾಲದಲ್ಲಿ ಧಾನ್ಯವನ್ನು ಬಚ್ಚಿಟ್ಟು ಹಣವಂತನಾದವನನ್ನು ಕಾಣುವ ರೈತನಿಗೆ ಇದು ಬರಿಯ ವೇದಾಂತದ ಪ್ರಶ್ನೆಯಲ್ಲ.

ಆ ಸೀಮೆಯೇ ಇದಕ್ಕೆ ಎರಡು ಉತ್ತರಗಳನ್ನು ಕೊಟ್ಟಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವುಂಟು, 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಸ್ವರ್ಗವು ದೊಡ್ಡವರ ಸೊತ್ತಲ್ಲ, ಶ್ರದ್ಧೆಯಿಂದ ಪ್ರಯತ್ನಿಸಿದರೆ ಸಣ್ಣವನಿಗೂ ಲಭ್ಯವೆಂಬುದು ಅದರ ಅಭಿಪ್ರಾಯ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನರು ನೆನೆಯುವ ತಿಪ್ಪೇರುದ್ರಸ್ವಾಮಿಗಳ ಮಾತು ಇನ್ನೂ ಚಿಕ್ಕದು: ‘ಮಾಡಿದಷ್ಟು ನೀಡು ಭಿಕ್ಷೆ.’ ಅವರವರು ದುಡಿದಷ್ಟು ಅವರವರಿಗೆ ಫಲ.

ಈ ಎರಡರಲ್ಲಿಯೂ ನೆರೆಯವನ ಲೆಕ್ಕವಿಲ್ಲ. ಆ ಲೆಕ್ಕವನ್ನು ನೋಡತಕ್ಕವನು ಭಗವಂತ. ಹಾಗೆಂದು ಅನ್ಯಾಯವನ್ನು ಕಂಡು ಸುಮ್ಮನಿರಬೇಕೆಂದಲ್ಲ. ಅದನ್ನು ಎದುರಿಸಬೇಕು, ಆದರೆ ಅಸೂಯೆಪಡಬಾರದು. ಅಸೂಯೆಯೆಂದರೆ ಅನ್ಯಾಯಗಾರನ ಸ್ಥಾನದಲ್ಲಿ ತಾನಿರಬೇಕೆಂಬ ಗುಪ್ತವಾದ ಆಸೆ. ಕೆರೆಯ ಏರಿಗೆ ಒಂದು ಮಂಕರಿ ಮಣ್ಣು ಹೊತ್ತವನ ಪುಣ್ಯವು, ಬೇರೊಬ್ಬನ ಕಣಜ ತುಂಬಿತೆಂದು ಕರಗುವುದಿಲ್ಲ.