ಕೈತಪ್ಪಿದ ಆಪತ್ಕರೆ

ಈಗಿನ ಹಡಗುಗಳ ವಿ.ಎಚ್.ಎಫ್. ರೇಡಿಯೋದಲ್ಲಿ ಮುಚ್ಚಳದಡಿ ಒಂದು ಕೆಂಪು ಗುಂಡಿಯುಂಟು. ಅದನ್ನು ಕೆಲವು ಕ್ಷಣ ಒತ್ತಿಹಿಡಿದರಾಯಿತು. ಹಡಗಿನ 9 ಅಂಕಿಗಳ ಗುರುತುಸಂಖ್ಯೆಯೂ ಅದಿರುವ ಸ್ಥಳವೂ 70ನೆಯ ಚಾನೆಲ್ಲಿನಲ್ಲಿ ಹೊರಟು, ಸುತ್ತಣ ನೌಕೆಗಳನ್ನೂ ಕರಾವಳಿಯ ಕೇಂದ್ರವನ್ನೂ ಎಚ್ಚರಿಸುತ್ತವೆ. ಉತ್ತರ ಬಾರದಿದ್ದರೆ ಸುಮಾರು 4 ನಿಮಿಷಕ್ಕೊಮ್ಮೆ ಯಂತ್ರವು ತಾನಾಗಿಯೇ ಮತ್ತೆ ಕೂಗುತ್ತದೆ.

ಪರೀಕ್ಷಿಸುವಾಗ ಕೈತಪ್ಪಿ ಹೀಗಾಯಿತೆನ್ನೋಣ. ನಾಚಿ ಯಂತ್ರವನ್ನು ಆರಿಸಿ ಸುಮ್ಮನಾದರೆ? ದಡದವರಿಗೆ ಆ ಮೌನವು ಹಡಗು ಮುಳುಗಿದಂತೆಯೇ ತೋರೀತು! ರಕ್ಷಣಾನೌಕೆಗಳು ಇಲ್ಲದ ಅಪಾಯವನ್ನರಸಿ ಹೊರಟರೆ, ನಿಜವಾಗಿ ಮುಳುಗುತ್ತಿರುವವರಿಗೆ ಅವು ದೊರೆಯುವುದೆಂತು? ಆದುದರಿಂದ ಮೊದಲು ಮರುಕರೆಯನ್ನು ತಡೆದು, ಕೂಡಲೇ 16ನೆಯ ಚಾನೆಲ್ಲಿನಲ್ಲಿ ಎಲ್ಲ ಕೇಂದ್ರಗಳನ್ನೂ ಕರೆದು, ಹಡಗಿನ ಹೆಸರು, ಗುರುತುಸಂಖ್ಯೆಗಳನ್ನು ಹೇಳಿ, ಆಪತ್ಕರೆಯನ್ನು ರದ್ದುಪಡಿಸಿದೆವೆಂದು ಬಾಯಿಮಾತಿನಲ್ಲಿ ಸಾರಬೇಕು. ಹೀಗೆ ಒಪ್ಪಿಕೊಂಡವರ ಮೇಲೆ ಸಾಮಾನ್ಯವಾಗಿ ಕ್ರಮ ಕೈಕೊಳ್ಳುವುದಿಲ್ಲವೆಂಬುದು, ನಾವು ಕಂಡಂತೆ, ಬಹು ಜಾಣತನದ ಏರ್ಪಾಡು. ಸಾರಿದ ಮೇಲೂ ಅದೇ ಚಾನೆಲ್ಲಿಗೆ ಕಿವಿಗೊಟ್ಟಿದ್ದು, ದಡದಿಂದ ಯಾರಾದರೂ ವಿಚಾರಿಸಿದರೆ ಉತ್ತರಿಸಬೇಕು.